ಹಳ್ಳಕ್ಕೆ ಮೀನು ಮರಳಬೇಕೆಂದರೆ: ಬೆಳಗಾವಿಯ ನಾಲಾಗಳಿಗೆ ಕೆಲಸದ ಕ್ರಮ

ಹಳ್ಳ ಉಳಿಸುವ ಕಾರ್ಯಕ್ರಮಗಳು ಬಹುಪಾಲು ಮೀನು ಬಿಡುವುದರಿಂದ ಶುರುವಾಗುತ್ತವೆ. ಬಕೆಟ್ಟಿನಲ್ಲಿ ರೋಹು, ಕಾಟ್ಲಾ ಮರಿ ತಂದು ನೀರಿಗೆ ಸುರಿಯುತ್ತಾರೆ. ಮರಿಗಳು ವಾರದೊಳಗೆ ಸತ್ತು ತೇಲುತ್ತವೆ, ಇಲ್ಲವೇ ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುತ್ತವೆ. ಸರಿಯಾದ ಕ್ರಮ ಇದಕ್ಕೆ ಪೂರಾ ತಿರುವುಮುರುವು. ಮೊದಲು ಹೊಲಸು ನೀರು ನಿಲ್ಲಬೇಕು. ಆಮೇಲೆ ದಂಡೆ, ಕಲ್ಲು, ನೆರಳು. ಅದಾದ ಮೇಲೆ ಮೀನು ಓಡಾಡುವ ದಾರಿ. ಮೀನಿನ ಸರದಿ ಎಲ್ಲಕ್ಕಿಂತ ಕಡೆಗೆ. ದಾರಿ ತೆರೆದಿದ್ದರೆ ಎಷ್ಟೋ ಕಡೆ ಅದನ್ನು ತರುವ ಅಗತ್ಯವೇ ಬೀಳುವುದಿಲ್ಲ.

ಬೆಳಗಾವಿಯ ಮಟ್ಟಿಗೆ ಒಂದು ಮಾತನ್ನು ಮೊದಲೇ ತಿಳಿದುಕೊಂಡಿರಬೇಕು. ಊರಿನ ನೀರು ಬಳ್ಳಾರಿ ನಾಲಾ, ಲೆಂಡಿ ನಾಲಾಗಳ ಮೂಲಕ ಮಾರ್ಕಂಡೇಯ ಹೊಳೆಗೆ ಸೇರುತ್ತದೆ. ಮಾರ್ಕಂಡೇಯ ಮುಂದೆ ಗೊಡಚಿನಮಲ್ಕಿಯಲ್ಲಿ ಜಲಪಾತವಾಗಿ ಧುಮುಕಿ, ಗೋಕಾಕದ ಬಳಿ ಘಟಪ್ರಭೆಯನ್ನು ಕೂಡುತ್ತದೆ. ಆ ಜಲಪಾತವನ್ನು ಕೆಳಗಿನ ಮೀನು ಹತ್ತಲಾರದು. ಊರಿನ ಸುತ್ತಮುತ್ತ ಒಂದು ಜಾತಿ ಅಳಿದರೆ ಘಟಪ್ರಭೆಯಿಂದ ಅದು ತಾನಾಗಿ ಮೇಲೆ ಬರುವುದಿಲ್ಲ. ಬಂದರೆ ಮೇಲಿನಿಂದಲೇ ಬರಬೇಕು: ರಾಕಸಕೊಪ್ಪ ಕಡೆಯ ಹೊಳೆಯಿಂದ, ಹೊಲಗಳ ನಡುವೆ ಇನ್ನೂ ಜೀವ ಹಿಡಿದಿರುವ ಸಣ್ಣ ಸಣ್ಣ ಹಳ್ಳಗಳಿಂದ. ಆದ್ದರಿಂದ ಈ ಸಣ್ಣ ಹಳ್ಳಗಳೇ ನಮ್ಮ ಬೀಜದ ಕಣಜ. ನಗರದ ನಡುವಿನ ಅತಿ ಕೊಳಕು ಜಾಗವನ್ನು ಮೊದಲು ಹಿಡಿಯಬೇಡಿ. ಮೇಲ್ಭಾಗದಲ್ಲಿ ಮೀನು ಇನ್ನೂ ಬದುಕಿರುವ ಹಳ್ಳವೊಂದನ್ನು ಹುಡುಕಿ, ಅದರ ಕೆಳಗಿನ 100ರಿಂದ 200 ಮೀಟರ್ ತುಂಡನ್ನು ಮೊದಲ ಕೆಲಸಕ್ಕೆ ಆರಿಸಿ. ಅಲ್ಲಿ ಗೆದ್ದರೆ ಕೆಳಗಿನ ತುಂಡಿಗೆ ಇಳಿಯುವುದು ಸುಲಭ.

ಮೊದಲು ಹಳ್ಳದುದ್ದಕ್ಕೂ ನಡೆಯಿರಿ

ಏಪ್ರಿಲ್ ಕಡೆಯಲ್ಲಿ ಒಮ್ಮೆ, ಜುಲೈಯಲ್ಲಿ ಜೋರು ಮಳೆಯಾದ ಮರುದಿನ ಒಮ್ಮೆ, ಹೀಗೆ ಎರಡು ಸಲ ನಡೆಯಬೇಕು. ಏಪ್ರಿಲ್ ನಡಿಗೆಯ ನಿಯಮ ಸರಳ. ಮಳೆಯಿಲ್ಲದ ದಿನ ಯಾವ ಪೈಪು, ಯಾವ ಗಟಾರು ಹರಿಯುತ್ತಿದೆಯೋ ಅದರಲ್ಲಿರುವುದು ಮನೆಯ ಇಲ್ಲವೇ ಕಾರ್ಖಾನೆಯ ನೀರು. ಬೆಳಿಗ್ಗೆ 7ರಿಂದ 9ರೊಳಗೆ ನೋಡಿ, ಜನ ಸ್ನಾನ ಮಾಡಿ ಬಟ್ಟೆ ಒಗೆಯುವ ಹೊತ್ತು ಅದು. ಅದೇ ಪೈಪನ್ನು ಮಧ್ಯಾಹ್ನ 2ಕ್ಕೆ ಮತ್ತೆ ನೋಡಿ. ಬೆಳಿಗ್ಗೆ ಹರಿದು ಮಧ್ಯಾಹ್ನ ನಿಂತರೆ ಅದು ಮನೆಗಳದ್ದು. ದಿನವಿಡೀ ಒಂದೇ ಸಮ ಹರಿದರೆ ಒಡೆದ ಒಳಚರಂಡಿ ಕೊಳವೆಯೋ ಸೋರುವ ಕುಡಿಯುವ ನೀರಿನ ಪೈಪೋ ಇರಬಹುದು. ಬಣ್ಣ ಬಣ್ಣವಾಗಿ, ಬಿಟ್ಟು ಬಿಟ್ಟು ಬಂದರೆ ಅದು ಉದ್ಯಮದ್ದು. ಪ್ರತಿ ಪೈಪಿಗೂ ಫೋನಿನಲ್ಲಿ ಸ್ಥಳ ಗುರುತು, ಫೋಟೊ, ಗಂಟೆ ದಾಖಲಾಗಲಿ. ನಾಳೆ ಪಾಲಿಕೆಯ ಮುಂದೆ ಇಡುವ ಅರ್ಜಿಗೆ ಬಲ ಬರುವುದು ಈ ಪಟ್ಟಿಯಿಂದಲೇ.

ಮಳೆಯ ಮರುದಿನದ ನಡಿಗೆಯಲ್ಲಿ ನೋಡಬೇಕಾದ್ದು ಬೇರೆ: ಪ್ರವಾಹದ ಕಸ ಯಾವ ಎತ್ತರದ ಕೊಂಬೆಗೆ ಸಿಕ್ಕಿದೆ, ಯಾವ ದಂಡೆ ಕುಸಿದಿದೆ, ಯಾವ ಮೋರಿಯ ಹಿಂದೆ ನೀರು ನಿಂತು ಹೊಲಕ್ಕೆ ನುಗ್ಗಿದೆ. ವಡಗಾವಿ, ಶಹಾಪುರ, ಯಳ್ಳೂರು ಭಾಗದ ಭತ್ತದ ಗದ್ದೆಗಳ ರೈತರಿಗೆ ಬಳ್ಳಾರಿ ನಾಲಾದ ನೆರೆ ಪ್ರತಿ ಮಳೆಗಾಲದ ಚಿಂತೆ. ಅವರನ್ನು ಮೊದಲ ದಿನವೇ ಜೊತೆಗೆ ಕರೆದುಕೊಂಡು ನಡೆಯಿರಿ. "ನೀವು ಕಲ್ಲು ಹಾಕಿ ನಮ್ಮ ಹೊಲ ಮುಳುಗಿಸಿದ್ರಿ" ಎಂಬ ಮಾತು ಒಮ್ಮೆ ಬಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಆ ಮಾತಿನಲ್ಲಿ ಹುರುಳೂ ಇರಬಹುದು.

ನಾಲಾದ ಜಾಗ ಸರ್ಕಾರದ್ದು. ಅಗೆಯಲು, ಕಲ್ಲಿಡಲು ಮಹಾನಗರ ಪಾಲಿಕೆ ಅಥವಾ ಪಂಚಾಯಿತಿಯ ಜೊತೆಗೆ ಸಣ್ಣ ನೀರಾವರಿ ಇಲಾಖೆಯ ಒಪ್ಪಿಗೆ ಬರಹದಲ್ಲಿ ಬೇಕು. ಮೀನು ಹಿಡಿದು ನೋಡಲು, ಸಾಗಿಸಲು ಮೀನುಗಾರಿಕೆ ಇಲಾಖೆಯನ್ನು ಕೇಳಬೇಕು. ಗ್ರಾಮ ನಕ್ಷೆ ತೆಗೆಸಿ ನಾಲಾದ ನಿಜವಾದ ಅಗಲ ನೋಡಿಕೊಳ್ಳಿ. ನಕ್ಷೆಯಲ್ಲಿ ಇರುವ ಅಗಲ ನೆಲದ ಮೇಲೆ ಸಿಗದಿದ್ದರೆ ಸರ್ವೆ ಮಾಡಿಸಿ, ಆಮೇಲೆ ಗಿಡದ ಮಾತು.

ನೀರನ್ನು ಸೂರ್ಯ ಹುಟ್ಟುವ ಮೊದಲೇ ಅಳೆಯಿರಿ

ನೀರಿನಲ್ಲಿ ಕರಗಿದ ಆಮ್ಲಜನಕ ಹಗಲಲ್ಲಿ ಏರಿ ರಾತ್ರಿ ಇಳಿಯುತ್ತದೆ. ಹಸಿರು ಪಾಚಿ ಬೆಳೆದ ಹಳ್ಳದಲ್ಲಿ ಮಧ್ಯಾಹ್ನ 3ಕ್ಕೆ ಅಳೆದರೆ ಲೀಟರಿಗೆ 10 ಮಿಲಿಗ್ರಾಂ ಸಿಗಬಹುದು, ಅದೇ ನೀರಿನಲ್ಲಿ ಬೆಳಗಿನ ಜಾವ 5.30ಕ್ಕೆ 1 ಮಿಲಿಗ್ರಾಂ ಇರಬಹುದು. ಮೀನು ಸಾಯುವುದು ಆ ಹೊತ್ತಿನಲ್ಲೇ. ಹಾಗಾಗಿ ಬೆಳಗಿನ ಅಳತೆಯೇ ಅಳತೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದುಕೊಳ್ಳಬಲ್ಲದ್ದೇ ಸುಮಾರು 7.5 ಮಿಲಿಗ್ರಾಂ. 30 ಡಿಗ್ರಿಗೆ ಬಿಸಿಯಾದರೆ 7ರೊಳಗೆ ಇಳಿಯುತ್ತದೆ. ನೆರಳು ಏಕೆ ಬೇಕು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೀನು ಮತ್ತು ವನ್ಯಜೀವಿಗಳ ನೀರಿಗೆ ಇಟ್ಟಿರುವ 'ಡಿ' ದರ್ಜೆಯ ಮಟ್ಟ ಹೀಗಿದೆ: ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ, ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 8.5, ಮುಕ್ತ ಅಮೋನಿಯಾ, ಅಂದರೆ ಅದರ ವಿಷರೂಪ, ಗರಿಷ್ಠ 1.2 ಮಿಲಿಗ್ರಾಂ. ಅಮೋನಿಯಾದ ಈ ಮಿತಿ ಸಣ್ಣ ಮೀನಿಗೆ ಬಹಳ ಸಡಿಲ. ನೀರು ಅಳೆಯುವ ಕಿಟ್‌ನಲ್ಲಿ ಸಿಗುವ ಒಟ್ಟು ಅಮೋನಿಯಾವನ್ನೇ 0.5 ಮಿಲಿಗ್ರಾಂನೊಳಗೆ ತರುವ ಗುರಿ ಇಟ್ಟುಕೊಳ್ಳಿ. ಪಿಎಚ್ ಒಂದು ಅಂಕಿ ಏರಿದರೆ ಅಮೋನಿಯಾದ ವಿಷರೂಪ ಸುಮಾರು ಹತ್ತು ಪಟ್ಟಾಗುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೇ ಅಳೆಯಬೇಕು. ಅಕ್ವೇರಿಯಂ ಅಂಗಡಿಯ ಹನಿ ಕಿಟ್ ಈ ಕೆಲಸಕ್ಕೆ ಸಾಕು, ದಿನಾಂಕ ಮುಗಿದಿಲ್ಲವೆಂದು ನೋಡಿಕೊಳ್ಳಿ. ಆಮ್ಲಜನಕದ ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಮುಳುಗಿಸಿ ತುಂಬಿ, ಒಳಗೇ ಮುಚ್ಚಳ ಹಾಕಬೇಕು. ಒಂದು ಗುಳ್ಳೆ ಉಳಿದರೂ ಅಂಕಿ ಸುಳ್ಳಾಗುತ್ತದೆ.

ಕಿಟ್‌ಗಿಂತ ನಂಬಿಕೆಯ ಸಾಕ್ಷಿ ಕಲ್ಲಿನ ಅಡಿಯಲ್ಲಿದೆ. ಅಂಗೈಯಗಲದ ಒಂದು ಕಲ್ಲನ್ನು ಹರಿವಿನಿಂದ ಮೆಲ್ಲಗೆ ಎತ್ತಿ, ಬಿಳಿ ತಟ್ಟೆಯ ಮೇಲೆ ತಿರುಗಿಸಿ ನೋಡಿ. ಮೂರು ಎಳೆ ಬಾಲದ, ಬದಿಯಲ್ಲಿ ಕಿವಿರು ಅಲುಗುವ ಮೇಫ್ಲೈ ಮರಿ ಓಡಾಡಿದರೆ, ಮರಳುಕಾಳುಗಳನ್ನು ಅಂಟಿಸಿಕೊಂಡ ಸಣ್ಣ ಕೊಳವೆಯೊಳಗಿಂದ ಕ್ಯಾಡಿಸ್ ಹುಳ ತಲೆ ಹಾಕಿದರೆ ಆ ನೀರಿನಲ್ಲಿ ಮೀನು ಬದುಕುತ್ತದೆ. ಕಲ್ಲಿಗೆ ಬೂದು ಬಣ್ಣದ ಹತ್ತಿಯಂಥ ಲೋಳೆ ಹತ್ತಿದ್ದರೆ, ಕೆಸರಿನಲ್ಲಿ ಕೆಂಪು ದಾರದಂಥ ಹುಳಗಳು ಮಾತ್ರ ಕೊಂಕುತ್ತಿದ್ದರೆ ಅಲ್ಲಿ ಗುದ್ದಲಿ ಹಿಡಿಯುವ ಹೊತ್ತು ಇನ್ನೂ ಬಂದಿಲ್ಲ. 30 ಸೆಂ.ಮೀ. ಅಗಲದ ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮುಂದಿನ ತಳವನ್ನು 3 ನಿಮಿಷ ಕಾಲಿನಿಂದ ಕದಡಿ, ಸಿಕ್ಕ ಹುಳಗಳನ್ನು ಬಗೆ ಬಗೆಯಾಗಿ ಎಣಿಸಿಡಿ. ಇದು ನಿಮ್ಮ ಮೊದಲ ವರ್ಷದ ಲೆಕ್ಕ.

ಹೊಲಸು ನೀರು

ಅತಿ ಕಷ್ಟದ, ಅತಿ ಮುಖ್ಯದ ಕೆಲಸ ಇದು. ಒಳಚರಂಡಿ ಹತ್ತಿರದಲ್ಲಿದ್ದರೆ ಆ ಪೈಪುಗಳನ್ನು ಅದಕ್ಕೇ ಜೋಡಿಸಬೇಕು, ಬೇರೆ ಉಪಾಯಗಳೆಲ್ಲ ಅದಕ್ಕಿಂತ ಕೆಳಗಿನವು. ಪೈಪುಗಳ ಪಟ್ಟಿ ಹಿಡಿದು ಪಾಲಿಕೆಯ ಬೆನ್ನು ಹತ್ತಿ. ಸ್ವಯಂಸೇವಕರು ಚೇಂಬರಿನೊಳಗೆ ಇಳಿಯುವಂತಿಲ್ಲ, ಯಾರನ್ನೂ ಇಳಿಸುವಂತೆಯೂ ಇಲ್ಲ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ಅದನ್ನು ನಿಷೇಧಿಸಿದೆ, ಒಳಗಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ.

ಒಳಚರಂಡಿ ಇಲ್ಲದ ಅಂಚಿನ ಬಡಾವಣೆಗಳಲ್ಲಿ ಹತ್ತು ಮನೆಗಳ ನೀರಿಗೆ, ಜಲ್ಲಿ ಮತ್ತು ಗಿಡದ ಬೇರಿನ ನಡುವೆ ನೀರು ಸೋಸುವ ಜಲ್ಲಿ ಹಾಸಿನ ತೊಟ್ಟಿ ಕಟ್ಟಬಹುದು. ಲೆಕ್ಕ ಹೀಗೆ. ಹತ್ತು ಮನೆಗೆ 50 ಜನ, ತಲೆಗೆ 100 ಲೀಟರ್ ಹಿಡಿದರೆ ದಿನಕ್ಕೆ 5,000 ಲೀಟರ್. ಮೊದಲು ಎರಡು ದಿನದ ನೀರು ಹಿಡಿಯುವ, ಅಂದರೆ 10,000 ಲೀಟರಿನ ಎರಡು ಕೋಣೆಯ ಗಸಿ ತೊಟ್ಟಿ, ಗಟ್ಟಿ ಹೊಲಸು ತಳಕ್ಕೆ ಕೂರುವುದು ಇದರಲ್ಲಿ. ಅದರಾಚೆ 100 ಚದರ ಮೀಟರ್ ಅಗಲದ, 60 ಸೆಂ.ಮೀ. ಆಳದ ಜಲ್ಲಿ ಹಾಸು. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ 10–20 ಮಿ.ಮೀ. ಜಲ್ಲಿ, ನೀರು ಒಳಬರುವ ಮತ್ತು ಹೊರಹೋಗುವ ಅರ್ಧ ಮೀಟರಿಗೆ 40–80 ಮಿ.ಮೀ. ದಪ್ಪ ಕಲ್ಲು. ಜಲ್ಲಿಯ ಸಂದಿನಲ್ಲಿ ಸುಮಾರು 24,000 ಲೀಟರ್ ನಿಲ್ಲುವುದರಿಂದ ನೀರು ಒಳಗೆ ಹೆಚ್ಚುಕಡಿಮೆ ಐದು ದಿನ ಉಳಿಯುತ್ತದೆ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ 5 ಸೆಂ.ಮೀ. ಕೆಳಗಿರುವಂತೆ ಹೊರಪೈಪಿನ ಮೊಳಕೈಯನ್ನು ಹೊಂದಿಸಿ. ಮೇಲೆ ನಿಂತರೆ ಸೊಳ್ಳೆ ಹುಟ್ಟುತ್ತದೆ. ಚದರ ಮೀಟರಿಗೆ ನಾಲ್ಕರಂತೆ ಆಪು (ಟೈಫಾ ಜೊಂಡು) ಅಥವಾ ಕ್ಯಾನಾ ನೆಡಿ.

ಇಂಥ ತೊಟ್ಟಿಗಳು ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದು, ಗಸಿ ತೊಟ್ಟಿ ಉಳಿಸಲು ಹೋಗಿ ನೇರವಾಗಿ ಜಲ್ಲಿಗೆ ನೀರು ಬಿಟ್ಟಿರುತ್ತಾರೆ, ವರ್ಷದೊಳಗೆ ಸಂದು ಮುಚ್ಚಿ ಹೊಲಸು ಮೇಲೆ ಹರಿಯುತ್ತದೆ. ಇನ್ನೊಂದು, ಕ್ರಷರಿನ ಧೂಳಿನ ಸಮೇತ ಜಲ್ಲಿ ಸುರಿದಿರುತ್ತಾರೆ. ಜಲ್ಲಿ ತೊಳೆದು ಹಾಕುವುದಕ್ಕೆ ಎರಡು ದಿನ ಹೋದರೆ ಹೋಗಲಿ. ತೊಟ್ಟಿಯ ಸುತ್ತ ಒಂದು ಅಡಿ ಒಡ್ಡು ಇಲ್ಲದಿದ್ದರೆ ಮಳೆಗಾಲದ ಎರಿ (ಕಪ್ಪು) ಮಣ್ಣು ಹರಿದು ಬಂದೂ ಹಾಸು ಕಟ್ಟುತ್ತದೆ. ಗಸಿ ತೊಟ್ಟಿಯನ್ನು ಎರಡು ವರ್ಷಕ್ಕೊಮ್ಮೆ ಯಂತ್ರದಿಂದ ಖಾಲಿ ಮಾಡಿಸುವವರು ಯಾರು, ಹಣ ಯಾರದ್ದು ಎಂಬುದು ಕಟ್ಟುವ ಮೊದಲೇ ಬರಹದಲ್ಲಿ ಇರಬೇಕು.

ಕಳೆ ತೆಗೆಯುವುದು

ಅಂತರಗಂಗೆ, ಮರಾಠಿ ಮಾತಾಡುವವರ ಜಲಪರ್ಣಿ, ಎರಡು ವಾರದಲ್ಲಿ ಇಮ್ಮಡಿಯಾಗಬಲ್ಲದು. ಹೊಲಸು ನೀರು ನಿಲ್ಲದ ಜಾಗದಲ್ಲಿ ಅದನ್ನು ತೆಗೆಯುವುದು ಪ್ರತಿ ವರ್ಷದ ಕೂಲಿ ಖರ್ಚು, ಅಷ್ಟೇ. ಹೊಲಸು ನಿಂತ ಮೇಲೆ ಹೂ ಬಿಡುವ ಮೊದಲು ತೆಗೆಯಿರಿ, ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಕಾಯುತ್ತದೆ. ಒಂದೇ ದಿನ ಇಡೀ ಹಳ್ಳ ಬಳಿಯಬೇಡಿ. ತಳದ ಕರಿ ಕೆಸರು ಎದ್ದು ಆಮ್ಲಜನಕವನ್ನೆಲ್ಲ ನುಂಗಿ, ಉಳಿದಿದ್ದ ಮೀನೂ ಸಾಯುತ್ತದೆ. 20 ಮೀಟರ್ ತೆಗೆದು 20 ಮೀಟರ್ ಬಿಟ್ಟು, ಎರಡು ವಾರದ ನಂತರ ಬಿಟ್ಟದ್ದನ್ನು ತೆಗೆಯಿರಿ. ತೆಗೆದ ರಾಶಿ ಒಂದು ರಾತ್ರಿ ನೀರಿನಂಚಿಗೇ ಇರಲಿ, ಬೇರಿನೊಳಗೆ ಅಡಗಿದ ಮೀನುಮರಿ, ಏರೋಪ್ಲೇನ್ ಚಿಟ್ಟೆಯ ಮರಿಗಳು ತೆವಳಿ ನೀರಿಗೆ ಮರಳುತ್ತವೆ. ಮರುದಿನ ನೆರೆ ಮುಟ್ಟದ ಎತ್ತರಕ್ಕೆ ಸಾಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಬೇಶರಮ್ ಗಿಡವನ್ನು ಕಡಿದು ದಂಡೆಯಲ್ಲೇ ಬಿಟ್ಟರೆ ಒಂದೊಂದು ತುಂಡೂ ಬೇರು ಬಿಡುತ್ತದೆ. ಬೇರುಸಮೇತ ಕಿತ್ತು, ಬಿಸಿಲಿನ ಕಲ್ಲುನೆಲದ ಮೇಲೆ ಪೂರ್ತಿ ಒಣಗಿಸಬೇಕು. ಬಳ್ಳಾರಿ ಜಾಲಿಯನ್ನು ಕಿತ್ತ ಜಾಗದಲ್ಲಿ ಅದೇ ವಾರ ಹುಲ್ಲು ಕೂರಿಸದಿದ್ದರೆ ದಂಡೆ ಬರಿದಾಗಿ ಕುಸಿಯುತ್ತದೆ. ಈ ಕೆಲಸಕ್ಕೆ ಇಳಿಯುವವರೆಲ್ಲ ಗಮ್ ಬೂಟು, ಮೊಳಕೈವರೆಗಿನ ಕೈಗವಸು ಹಾಕಲೇಬೇಕು. ಕಾಲಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬೇಡಿ, ಇಲಿ ಜ್ವರ ಹತ್ತುವುದು ಹಾಗೆಯೇ.

ದಂಡೆ ಇಳಿಜಾರು ಮಾಡುವುದು

ಮಣ್ಣಿನ ಕೆಲಸವೆಲ್ಲ ಜನವರಿಯಿಂದ ಮಾರ್ಚ್ ಒಳಗೆ ಮುಗಿಯಬೇಕು. ಎರಿ ಮಣ್ಣಿನ ನೆಟ್ಟಗಿನ ದಂಡೆ ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮೊದಲ ಮಳೆಗೆ ಹೋಳು ಹೋಳಾಗಿ ನೀರಿಗೆ ಬೀಳುತ್ತದೆ. ಅದಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿದರೆ ದಂಡೆ ನಿಲ್ಲುತ್ತದೆ, ಹಳ್ಳ ಸಾಯುತ್ತದೆ: ಮೀನು ಅಡಗುವ ಬೇರು ಇಲ್ಲ, ಹುಳ ಹುಟ್ಟುವ ಹುಲ್ಲಿಲ್ಲ, ಬಿಸಿಯಾದ ಗೋಡೆಯ ಕೆಳಗೆ ನೀರೂ ಬಿಸಿ.

ಬದಲಿಗೆ ದಂಡೆಯನ್ನು ಹಿಂದಕ್ಕೆ ಕಡಿದು, ಎತ್ತರ ಒಂದಕ್ಕೆ ಅಡ್ಡ ಎರಡರಂತೆ ಇಳಿಜಾರು ಮಾಡಿ. ಒಂದೂವರೆ ಮೀಟರ್ ಎತ್ತರದ ದಂಡೆಗೆ 100 ಮೀಟರ್ ಉದ್ದಕ್ಕೆ 225 ಘನ ಮೀಟರ್, ಅಂದರೆ ಸುಮಾರು 80 ಬ್ರಾಸ್ (ನೂರು ಘನ ಅಡಿಗೆ ಒಂದು ಬ್ರಾಸ್) ಮಣ್ಣು ಏಳುತ್ತದೆ. ಅಷ್ಟು ಮಣ್ಣು ಎಲ್ಲಿಗೆ ಹೋಗುತ್ತದೆಂದು ಜೆಸಿಬಿ ಕರೆಸುವ ಮೊದಲೇ ಗೊತ್ತಿರಲಿ. ದಂಡೆಯ ತಲೆಯ ಮೇಲೆ ಗುಡ್ಡೆ ಹಾಕಿದರೆ ಮಳೆಗೆ ಮರಳಿ ಹಳ್ಳಕ್ಕೇ ಬರುತ್ತದೆ. ಈ ಅಗೆತದಿಂದ ಹಳ್ಳದ ಅಗಲ ಹೆಚ್ಚಿ ನೆರೆಯ ನೀರಿಗೂ ಜಾಗ ಸಿಗುತ್ತದೆ. ರೈತರಿಗೆ ಇದನ್ನು ಲೆಕ್ಕ ಸಮೇತ ತೋರಿಸಿ, ಕಲ್ಲಿಡುವ ಮಾತು ಆಮೇಲೆ ಸುಲಭವಾಗುತ್ತದೆ.

ಇಳಿಜಾರಿನ ಕೆಳಗಿನ ಎರಡು ಮೀಟರಿಗೆ ತೆಂಗಿನ ನಾರಿನ ಚಾಪೆ ಹಾಸಿ. ಚದರ ಮೀಟರಿಗೆ 400 ಗ್ರಾಂಗಿಂತ ತೆಳುವಾದದ್ದು ಒಂದು ಮಳೆಗಾಲ ತಾಳುವುದಿಲ್ಲ, 700 ಗ್ರಾಂನದ್ದು ಒಳ್ಳೆಯದು. ಮೇಲಂಚನ್ನು 25 ಸೆಂ.ಮೀ. ಆಳದ ಸಾಲಿನಲ್ಲಿ ಹೂತು ತುಳಿಯಿರಿ. ಹರಿವಿನ ಮೇಲ್ಗಡೆಯ ಚಾಪೆ ಕೆಳಗಡೆಯದರ ಮೇಲೆ 15 ಸೆಂ.ಮೀ. ಬರಬೇಕು. ತಿರುಗುಮುರುಗಾದರೆ ನೀರು ಅಂಚಿನೊಳಗೆ ನುಗ್ಗಿ ಇಡೀ ಚಾಪೆಯನ್ನು ಸೀರೆ ಎಳೆದಂತೆ ಎಳೆದೊಯ್ಯುತ್ತದೆ. ಬಿದಿರಿನ 50 ಸೆಂ.ಮೀ. ಗೂಟಗಳನ್ನು ನಡುವೆ ಮೀಟರಿಗೊಂದು, ಅಂಚುಗಳಲ್ಲಿ ಅರ್ಧ ಮೀಟರಿಗೊಂದು ಹೊಡೆಯಿರಿ.

ಯಾವ ಗಿಡ, ಎಲ್ಲಿ, ಯಾವ ಮಳೆಗೆ

ನೀರಿನಂಚಿಗೆ ಜೇಕು, ಬಜೆ. ಆಪನ್ನು ಹಳ್ಳದೊಳಗೆ ನೆಡಬೇಡಿ, ಎರಡೇ ವರ್ಷದಲ್ಲಿ ದಂಡೆಯಿಂದ ದಂಡೆಗೆ ಹಬ್ಬಿ ಹರಿವನ್ನೇ ಮುಚ್ಚುತ್ತದೆ. ಅದರ ಜಾಗ ಜಲ್ಲಿ ತೊಟ್ಟಿ. ಇಳಿಜಾರಿಗೆ ಲಾವಂಚ, ಕರಕಿ (ಗರಿಕೆ), ಲಕ್ಕಿ. ಲಾವಂಚದ ಸಸಿಗಳನ್ನು ದಂಡೆಗೆ ಉದ್ದವಾಗಿ 15 ಸೆಂ.ಮೀ.ಗೆ ಒಂದರಂತೆ ಕೂರಿಸಿದರೆ 100 ಮೀಟರಿನ ಮೂರು ಸಾಲಿಗೆ 2,000 ಸಸಿ ಬೇಕು. ಸಸಿ ಸಾಲದೆಂದು ದೂರ ದೂರ ನೆಟ್ಟರೆ ನಡುವಿನ ಸಂದಿನಲ್ಲಿ ನೀರು ಕಾಲುವೆ ಕೊರೆಯುತ್ತದೆ. ಸಸಿ ಕಡಿಮೆಯಿದ್ದರೆ ಸಾಲು ಕಡಿಮೆ ಮಾಡಿ, ಅಂತರ ಹೆಚ್ಚಿಸಬೇಡಿ.

ಲಕ್ಕಿ ಮತ್ತು ನೀರಂಜಿ ಕಡ್ಡಿಯಿಂದಲೇ ಬೇರು ಬಿಡುತ್ತವೆ. ಹೆಬ್ಬೆರಳು ದಪ್ಪದ 60–75 ಸೆಂ.ಮೀ. ಕಡ್ಡಿ ಕಡಿದು, ಬುಡವನ್ನು ಓರೆಯಾಗಿ ಕತ್ತರಿಸಿ, ಒಂದು ದಿನ ನೀರಿನಲ್ಲಿ ನೆನೆಯಿಟ್ಟು, ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೋಗುವಂತೆ ನೆಡಿ. ಕಬ್ಬಿಣದ ಸಲಾಕೆಯಿಂದ ಮೊದಲು ತೂತು ಮಾಡಿಕೊಳ್ಳಬೇಕು, ಸುತ್ತಿಗೆಯಿಂದ ಬಡಿದರೆ ತುದಿ ಸೀಳಿ ಕೊಳೆಯುತ್ತದೆ. ಮೊಗ್ಗು ಮೇಲ್ಮುಖವಾಗಿರಲಿ. ಗಡಿಬಿಡಿಯಲ್ಲಿ ತಲೆಕೆಳಗಾಗಿ ನೆಟ್ಟ ಕಡ್ಡಿಗಳೇ ಹೆಚ್ಚು ಸಾಯುವುದು.

ಮೇಲಿನ ದಂಡೆಗೆ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ, ನಾಲ್ಕೈದು ಮೀಟರಿಗೊಂದು. ಎರಡು ಮೂರು ಅಡಿಯ ಸಸಿ ಇರಲಿ, ಕಾಲಡಿಯ ಸಸಿಯನ್ನು ಹುಲ್ಲು ನುಂಗುತ್ತದೆ. ಅತ್ತಿಯ ಹಣ್ಣು, ನೇರಳೆಯ ಹಣ್ಣು ನೀರಿಗೆ ಬಿದ್ದರೆ ಮೀನಿಗೆ ಆಹಾರ. ಹೊಳೆಮತ್ತಿಯ ಬೇರು ದಂಡೆಯಡಿಯಲ್ಲಿ ಗೂಡು ಗೂಡಾಗಿ ಹರಡಿ ಅಡಗುತಾಣವಾಗುತ್ತದೆ.

ನೆರಳಿನ ವಿಚಾರದಲ್ಲಿ ಒಂದು ಎಚ್ಚರ. ಶೀತ ದೇಶಗಳ ಕೈಪಿಡಿಗಳಲ್ಲಿ ದಕ್ಷಿಣ ದಂಡೆಗೇ ಮರ ನೆಡಿ ಎಂದಿರುತ್ತದೆ. ಬೆಳಗಾವಿಯಲ್ಲಿ ಏಪ್ರಿಲ್, ಮೇ ತಿಂಗಳ ನಡುಹಗಲಿಗೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ, ನೀರನ್ನು ಅತಿ ಹೆಚ್ಚು ಕಾಯಿಸುವುದು ಇಳಿಹೊತ್ತಿನ ಪಡುವಣ ಬಿಸಿಲು. ಹಳ್ಳ ದಕ್ಷಿಣೋತ್ತರವಾಗಿ ಹರಿಯುವ ಕಡೆ ಪಶ್ಚಿಮ ದಂಡೆಗೆ ಮೊದಲು ನೆಡಿ. ಪೂರ್ವಕ್ಕೆ ಹರಿಯುವ ಕಡೆ ಕೊಂಬೆ ನೀರಿನ ಮೇಲೆ ಬಾಗುವಂತೆ ಎರಡೂ ದಂಡೆಯ ಅಂಚಿಗೆ ಹತ್ತಿರ ನೆಡಿ. ಗದ್ದೆಯ ಬದಿಯ ರೈತ ನೆರಳು ಬೇಡವೆಂದರೆ ಅವನ ಅಂಚಿಗೆ ಲಾವಂಚ, ಲಕ್ಕಿ ಸಾಕು. ಹೊಂಗೆಗೆ ಒಪ್ಪಿದರೆ ಅದರ ಸೊಪ್ಪು ಅವನ ಭತ್ತಕ್ಕೇ ಹಸಿರುಗೊಬ್ಬರ.

ಮೇ ಕಡೆಯ ಅಡ್ಡಮಳೆಗೆ ಹುಲ್ಲು ಕೂರಿಸಿ. ಮರದ ಸಸಿಯನ್ನು ಜೂನ್ ಎರಡನೇ ವಾರದ ಮಿರಗ (ಮೃಗಶಿರಾ) ಮಳೆ ಒಂದು ಮೊಳ ನೆಲ ನೆನೆಸಿದ ಮೇಲೆ, ಜುಲೈ ಮೊದಲ ವಾರಕ್ಕೆ ಮುಗಿಯುವ ಆರಿದ್ರಾದೊಳಗೆ ನೆಡಿ. ಜುಲೈ ಕಡೆಯ ಪುಷ್ಯ ಮಳೆಗೆ ತಡ ಮಾಡಿದರೆ ಬೇರು ಹಿಡಿಯುವ ಮೊದಲೇ ನೆರೆ ಬರುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಗಿಡಕ್ಕೆ 15–20 ಲೀಟರ್ ನೀರು, ಎಮ್ಮೆ ಮೇಕೆಗಳಿಗೆ ಮುಳ್ಳಿನ ಬೇಲಿ. ಎಮ್ಮೆಗಳು ನೀರಿಗೆ ಇಳಿಯಲು ಕಲ್ಲು ಹಾಸಿದ ಒಂದು ದಾರಿ ಬಿಡಿ. ದಾರಿ ಬಿಡದಿದ್ದರೆ ಅವು ಬೇಲಿಯನ್ನೇ ದಾರಿ ಮಾಡಿಕೊಳ್ಳುತ್ತವೆ.

ಮಡು, ಕಲ್ಲುಸಾಲು, ಮೋರಿ

ನಾಲ್ಕು ಮೀಟರ್ ಅಗಲದ ಹಳ್ಳದಲ್ಲಿ ಅಗಲದ ಐದರಿಂದ ಏಳು ಪಟ್ಟು ದೂರಕ್ಕೊಂದು, ಅಂದರೆ 20–28 ಮೀಟರಿಗೊಂದು ಮಡು ಇರಬೇಕು. ತಿರುವಿನ ಹೊರಬದಿಯಲ್ಲಿ ನೀರೇ ಮಡು ಕೊರೆಯಲು ಹವಣಿಸುತ್ತಿರುತ್ತದೆ, ಅಲ್ಲೇ ತೋಡಿ. ಬೇಸಿಗೆಯ ಕಡೆಯಲ್ಲೂ 60 ಸೆಂ.ಮೀ. ನೀರು ಉಳಿಯುವಷ್ಟು ಆಳ ಬೇಕು, ಮೀನು ಮೇ ತಿಂಗಳನ್ನು ದಾಟುವುದು ಆ ಮಡುವಿನಲ್ಲೇ. ಎರಡು ಮಡುಗಳ ನಡುವೆ 20–40 ಸೆಂ.ಮೀ. ಕರಿಕಲ್ಲುಗಳ ತಗ್ಗಿನ ಸಾಲು, ಪ್ರತಿ ಕಲ್ಲಿನ ಮೂರನೇ ಒಂದು ಪಾಲು ತಳದಲ್ಲಿ ಹೂತಿರಲಿ. ಸಾಲಿನ ಕೆಳಗೆ 15–60 ಮಿ.ಮೀ. ಗುಂಡು ಜಲ್ಲಿಯನ್ನು 20 ಸೆಂ.ಮೀ. ದಪ್ಪ ಹಾಸಿ. ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಉದ್ದಕ್ಕೆ ಒಂದು ಬ್ರಾಸಿಗಿಂತ ಸ್ವಲ್ಪ ಕಡಿಮೆ ಸಾಕು. ಕ್ರಷರಿನ ಚೂಪು ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಸಂದು ಉಳಿಯುವುದಿಲ್ಲ, ಮೊಟ್ಟೆಗೆ ಬೇಕಾದ್ದು ಆ ಸಂದೇ. ಮೆತ್ತನೆಯ ಜಂಬಿಟ್ಟಿಗೆಯ ಚೂರು ಪುಡಿಯಾಗಿ ಕೆಸರಾಗುತ್ತದೆ. ಕಲ್ಲುಸಾಲಿನ ಎತ್ತರ 30 ಸೆಂ.ಮೀ. ದಾಟಬಾರದು.

ಇನ್ನು ಮೋರಿ. ರಸ್ತೆ ಮೋರಿಯ ಕೆಳತುದಿಯಲ್ಲಿ ನೀರು ಬಿದ್ದೂ ಬಿದ್ದೂ ತಳ ಕೊರೆದು, ಪೈಪಿನ ಬಾಯಿ ನೀರಿಗಿಂತ ಮೇಲೆ ನೇತಾಡುತ್ತಿರುತ್ತದೆ. 15–20 ಸೆಂ.ಮೀ. ನೆಗೆತವೇ ಸಣ್ಣ ಮೀನಿಗೆ ಗೋಡೆ. ನಮ್ಮ ಸಣ್ಣ ಮೀನುಗಳಲ್ಲಿ ಬಹಳಷ್ಟು ಮೊದಲ ನೆರೆಗೆ ಪ್ರವಾಹದ ಎದುರು ಏರಿ, ಕಿರುಹಳ್ಳ, ಗದ್ದೆಗಳಲ್ಲಿ ಮೊಟ್ಟೆ ಇಡುವಂಥವು. ಒಂದು ಮೋರಿ ಅಡ್ಡವಾದರೆ ಮೇಲಿನ ಹಳ್ಳ ವರ್ಷ ವರ್ಷಕ್ಕೂ ಬರಿದಾಗುತ್ತದೆ. 40 ಸೆಂ.ಮೀ. ನೆಗೆತವಿದ್ದರೆ ಮೋರಿಯ ಕೆಳಗೆ ಎಂಟು ಮೀಟರ್ ಉದ್ದದ ಕಲ್ಲಿನ ಇಳಿಜಾರು ಕಟ್ಟಿ: ಮೀಟರಿಗೊಂದು ಕಲ್ಲುಸಾಲು, ಸಾಲಿನಿಂದ ಸಾಲಿಗೆ 5 ಸೆಂ.ಮೀ. ಇಳಿತ, ಪ್ರತಿ ಸಾಲಿನಲ್ಲಿ 30 ಸೆಂ.ಮೀ. ಅಗಲದ ತಗ್ಗು ಬಾಯಿ, ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ. ಸಂದುಗಳಿಗೆ ಸಿಮೆಂಟ್ ತುಂಬಿ ನುಣುಪು ಮಾಡಬೇಡಿ, ಮೀನು ದಣಿವಾರಿಸಿಕೊಳ್ಳುವುದು ಕಲ್ಲಿನ ಹಿಂದಿನ ಆ ಮರೆಯಲ್ಲೇ. ಬೇಸಿಗೆಯಲ್ಲಿ ನೀರು ಕಲ್ಲಿನಡಿಯೇ ಸೋರಿಹೋದರೆ ಮಣ್ಣು ಬೆರೆತ ಸಣ್ಣ ಜಲ್ಲಿಯನ್ನು ಅಡಿಗೆ ತುಂಬಿ. ಮೋರಿಯ ನೀರು ಸಾಗಿಸುವ ಸಾಮರ್ಥ್ಯ ಕುಗ್ಗದಂತೆ ಇಂಜಿನಿಯರ್ ಒಬ್ಬರಿಂದ ಮಟ್ಟ ಹಾಕಿಸಿಯೇ ಕೆಲಸ ಶುರುಮಾಡಿ.

ಕಡೆಗೆ ಮೀನು

ಒಂದು ಮಳೆಗಾಲ ಕಾಯಿರಿ. ಅಕ್ಟೋಬರಿನಲ್ಲಿ ಇಲಾಖೆಯ ಒಪ್ಪಿಗೆಯೊಂದಿಗೆ ಸಣ್ಣ ಕಣ್ಣಿನ ಎಳೆಬಲೆ ಎಳೆದು, ಒದ್ದೆ ಕೈಯಿಂದ ಎತ್ತಿ, ನೀರಿರುವ ಗಾಜಿನ ಡಬ್ಬಿಯಲ್ಲಿ ಫೋಟೊ ತೆಗೆದು ಬಿಡಿ. ಪಕ್ಕೆಯುದ್ದಕ್ಕೂ ಒಂದೇ ಕರಿಗೆರೆಯಿದ್ದರೆ ರಾಸ್ಬೊರಾ. ಮೈಮೇಲೆ ಎರಡು ಕರಿಚುಕ್ಕೆಯಿದ್ದರೆ ಟಿಕ್ಟೊ. ತಲೆಯಡಿಯ ಹೀರುತಟ್ಟೆಯಿಂದ ಹರಿಯುವ ನೀರಿನ ಕಲ್ಲಿಗೆ ಅಂಟಿ ನಿಲ್ಲುವುದು ಗಾರಾ. ನೆತ್ತಿಯ ಮೇಲೆ ಹೊಳೆಯುವ ಬಿಳಿ ಚುಕ್ಕೆ ಹೊತ್ತು ಮೇಲ್ಮೈಯಲ್ಲೇ ತೇಲುವುದು ಅಪ್ಲೊಕೈಲಸ್, ಸೊಳ್ಳೆಮರಿ ತಿನ್ನುವ ನಮ್ಮದೇ ಮೀನು. ಗಾರಾ ಕಾಣಿಸಿದರೆ ಹರಿವೂ ಆಮ್ಲಜನಕವೂ ಕೂಡಿಬಂದಿವೆ ಎಂದು ತಿಳಿಯಿರಿ. ಕೊರವ, ಚೇಳುಮೀನು ಮಾತ್ರ ಸಿಕ್ಕರೆ ಹಿಗ್ಗಬೇಡಿ, ಅವು ಮೇಲಿನ ಗಾಳಿಯನ್ನೇ ಉಸಿರಾಡಿ ಕೊಳಕು ನೀರಿನಲ್ಲೂ ಬದುಕುತ್ತವೆ.

ಸೊಳ್ಳೆಗೆಂದು 1928ರಲ್ಲಿ ದೇಶಕ್ಕೆ ತಂದ ಗ್ಯಾಂಬೂಸಿಯಾ, 1952ರಲ್ಲಿ ತಂದ ತಿಲಾಪಿಯ ಅಂದರೆ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್, ಅಕ್ವೇರಿಯಂನ ಸಕ್ಕರ್, ಗಪ್ಪಿ: ಇವು ಸಿಕ್ಕರೆ ಮರಳಿ ಬಿಡಬೇಡಿ. ಗ್ಯಾಂಬೂಸಿಯಾ ಬೇರೆ ಮೀನಿನ ಮೊಟ್ಟೆ, ಮರಿ, ರೆಕ್ಕೆಗಳನ್ನು ಕಚ್ಚಿ ತಿನ್ನುತ್ತದೆ. ರೋಹು, ಕಾಟ್ಲಾ, ಮೃಗಾಲ್ ಸಾಕಣೆಯ ಕೆರೆಗೆ ಸರಿ, ಕಿರುಹಳ್ಳಕ್ಕಲ್ಲ.

ಮೇಲಿನಿಂದ ದಾರಿಯೇ ಇಲ್ಲದ ತುಂಡಿಗೆ ಮಾತ್ರ ಮೀನು ತರಬೇಕು, ಅದೂ ಮಾರ್ಕಂಡೇಯದ್ದೇ ಹಳ್ಳದಿಂದ. ಖಾನಾಪುರ ತಾಲ್ಲೂಕಿನಲ್ಲಿ ಪೂರ್ವಕ್ಕೆ ಹರಿಯುವ ಮಲಪ್ರಭೆ, ಪಶ್ಚಿಮಕ್ಕೆ ಹರಿಯುವ ಮಹದಾಯಿ ಎರಡೂ ಹುಟ್ಟುತ್ತವೆ. ಗಾಡಿಯಲ್ಲಿ ಗಂಟೆಯ ದಾರಿ ಇರಬಹುದು, ಮೀನಿನ ಲೆಕ್ಕದಲ್ಲಿ ಮಹದಾಯಿ ಬೇರೆಯೇ ಲೋಕ. ಅಲ್ಲಿಯ ಚಂದದ ಮೀನನ್ನು ಇಲ್ಲಿಗೆ ತರುವುದು ಜಿಲೇಬಿ ತಂದಷ್ಟೇ ತಪ್ಪು.

ತರುವ ಮೊದಲು ಪಂಜರದ ಪರೀಕ್ಷೆ ಮಾಡಿ. ಸೊಳ್ಳೆಪರದೆಯ ಬಲೆ ಸುತ್ತಿದ ಅರ್ಧ ಮೀಟರ್ ಚೌಕದ ಪಂಜರದಲ್ಲಿ ಹತ್ತು ಮೀನು ಇಟ್ಟು, ಮಡುವಿನಲ್ಲಿ ಏಳು ದಿನ ಬಿಡಿ. ಎರಡಕ್ಕಿಂತ ಹೆಚ್ಚು ಸತ್ತರೆ ಹೊಲಸು ಎಲ್ಲಿಂದಲೋ ಇನ್ನೂ ಬರುತ್ತಿದೆ, ಮತ್ತೆ ಪೈಪು ಹುಡುಕಲು ಹೊರಡಿ. ಉಳಿದರೆ ಅಕ್ಟೋಬರ್, ನವೆಂಬರಿನಲ್ಲಿ, ನೆರೆ ಇಳಿದು ನೀರು ತಂಪಾದಾಗ, ಮೂರು ನಾಲ್ಕು ಮಡುಗಳಿಂದ ಸ್ವಲ್ಪ ಸ್ವಲ್ಪವಾಗಿ ಜಾತಿಗೆ ನೂರರಷ್ಟು ಹಿಡಿಯಿರಿ. ಕಂಡದ್ದರಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಚೀಲದಲ್ಲಿ ಮೂರನೇ ಒಂದು ನೀರು, ಉಳಿದದ್ದು ಆಮ್ಲಜನಕ. ಐದು ಲೀಟರ್ ನೀರಿಗೆ ಐದು ಸೆಂ.ಮೀ. ಉದ್ದದ 50 ಮೀನು ಸಾಕು, ಗಂಟೆಯ ದಾರಿಗೆ ಅದೇ ಮಿತಿ. ಮುಟ್ಟಿದ ಮೇಲೆ ಚೀಲವನ್ನು ನೆರಳಿನ ನೀರಿನಲ್ಲಿ 20 ನಿಮಿಷ ತೇಲಬಿಟ್ಟು, ಬಾಯಿ ಬಿಚ್ಚಿ, ಹಳ್ಳದ ನೀರನ್ನು ಲೋಟ ಲೋಟವಾಗಿ ಬೆರೆಸಿ, ಸಂಜೆ ಹೊತ್ತಿಗೆ ಮೀನನ್ನು ತಾನಾಗಿ ಈಜಿ ಹೊರಹೋಗಲು ಬಿಡಿ. ಅವಸರದಲ್ಲಿ ಸುರಿದರೆ ಬಿಸಿ ತಂಪಿನ ಆಘಾತಕ್ಕೆ ಮೀನು ಮರುದಿನ ಸಾಯುತ್ತದೆ.

ಮೂರು ವರ್ಷದ ಲೆಕ್ಕ

ತಿಂಗಳಿಗೊಮ್ಮೆ ಬೆಳಗಿನ ಜಾವದ ಆಮ್ಲಜನಕ, ಅಮೋನಿಯಾ, ನೀರಿನ ಬಿಸಿ. ಮೂರು ತಿಂಗಳಿಗೊಮ್ಮೆ ತಳದ ಹುಳಗಳ ಎಣಿಕೆ. ಅಕ್ಟೋಬರ್ ಮತ್ತು ಮಾರ್ಚ್‌ನಲ್ಲಿ ಮೀನಿನ ಎಣಿಕೆ. ಅದೇ ಜಾಗ, ಅದೇ ಬಲೆ, ಅಷ್ಟೇ ಹೊತ್ತು, ಇಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಹೋಲಿಸಲಾಗದು. ಐದು ಗೂಟ ನೆಟ್ಟು ಪ್ರತಿ ಗೂಟದಿಂದ ಒಂದೇ ಕೋನದ ಫೋಟೊ ತೆಗೆದಿಡಿ. ಗಣೇಶ ವಿಸರ್ಜನೆಯ ವಾರ ಮಡುವಿನ ಬಳಿ ಜನ ನಿಲ್ಲಿಸಿ, ಮೂರ್ತಿಗಳನ್ನು ಕಪಿಲೇಶ್ವರ ಹೊಂಡದಂಥ ನಿಗದಿಯಾದ ಜಾಗಕ್ಕೆ ಕಳಿಸಿಕೊಡಬೇಕು, ಪ್ಲಾಸ್ಟರ್ ಮತ್ತು ಬಣ್ಣ ಸಣ್ಣ ಮಡುವಿಗೆ ಬಿದ್ದರೆ ವರ್ಷದ ದುಡಿಮೆ ಒಂದೇ ರಾತ್ರಿಗೆ ಹೋಗುತ್ತದೆ. ಗದ್ದೆಗೆ ಕೀಟನಾಶಕ ಹೊಡೆದ ಮೂರ್ನಾಲ್ಕು ದಿನ ಗದ್ದೆನೀರನ್ನು ಹಳ್ಳಕ್ಕೆ ಬಿಡದಂತೆ ರೈತರೊಂದಿಗೆ ಮಾತಾಡಿಕೊಂಡಿರಿ.

ಎರಡನೇ ವರ್ಷದ ಮಿರಗ ಮಳೆಗೆ, ಮೊದಲ ಕೆಂಪು ನೀರು ಇಳಿಯತೊಡಗಿದ ಸಂಜೆ, ಟಾರ್ಚ್ ಹಿಡಿದು ಮೋರಿಯ ಕಲ್ಲಿಳಿಜಾರಿನ ಬಳಿ ನಿಲ್ಲಿ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಟಿಕ್ಟೊ, ರಾಸ್ಬೊರಾಗಳು ಕಲ್ಲಿನ ಮರೆಯಿಂದ ಮರೆಗೆ ಚಿಮ್ಮುತ್ತ ಮೇಲೇರುವುದು ಕಂಡರೆ ಇನ್ನು ಮೀನು ತರುವ ಕೆಲಸ ಬೇಡ. ಮೀನು ಏರುವ ಆ ಮೂರು ವಾರ ಅಲ್ಲಿ ಯಾರೂ ಬುಟ್ಟಿ, ಕೂಳಿ, ಸೊಳ್ಳೆಪರದೆ ಒಡ್ಡದಂತೆ ಓಣಿಯ ಹುಡುಗರನ್ನೇ ಸರದಿಯಲ್ಲಿ ಕಾವಲಿಗೆ ನಿಲ್ಲಿಸಿ. ಏರುವ ಮೀನು ಒಂದೇ ಕಡೆ ಗುಂಪುಗೂಡುವುದರಿಂದ ಎರಡು ರಾತ್ರಿ ಬಲೆ ಹಾಕಿದರೆ ಇಡೀ ಹಳ್ಳದ ತಾಯಿಮೀನುಗಳೆಲ್ಲ ಬುಟ್ಟಿಗೆ ಬೀಳುತ್ತವೆ.